ಆಸ್ಟಿಯೋಕ್ಯಾಲ್ಸಿನ್ ಕೊನೆಗೂ ಮಾತು ಕೇಳಿತು: ನನ್ನ ಅನುಭವ

"ಗರ್ಭಿಣಿಯರ ರಕ್ತದಲ್ಲಿ ಆಸ್ಟಿಯೋಕ್ಯಾಲ್ಸಿನ್ ಅಳೀತೀಯಾ? ದುಡ್ಡು ದಂಡ" ಎಂದು ಲ್ಯಾಬಿನಲ್ಲಿ ನಕ್ಕವರು ಒಬ್ಬಿಬ್ಬರಲ್ಲ. ಅವರ ಹತ್ತಿರ ಕಾರಣವೂ ಇತ್ತು. ಈ ಎಲುಬಿನ ಹಾರ್ಮೋನು ಇನ್ಸುಲಿನ್ ಹೆಚ್ಚಿಸುತ್ತದೆ ಎಂದು 2007ರಲ್ಲಿ ನ್ಯೂಯಾರ್ಕಿನ ಕಾರ್ಸೆಂಟಿ ತಂಡ ಇಲಿಗಳಲ್ಲಿ ತೋರಿಸಿತು. 2020ರಲ್ಲಿ ಬೇರೆ ಎರಡು ತಂಡಗಳ ಇಲಿಗಳಲ್ಲಿ ಅದು ಕಾಣಲೇ ಇಲ್ಲ. ಗರ್ಭಿಣಿಯರದ್ದಂತೂ ಇನ್ನೂ ಗೋಜಲು. ಸಕ್ಕರೆ ಇರುವವರಲ್ಲಿ ಜಾಸ್ತಿ ಎಂದು ಒಬ್ಬರು, ವ್ಯತ್ಯಾಸವೇ ಇಲ್ಲ ಎಂದು ಇನ್ನೊಬ್ಬರು. ನನಗೆ ಮಾತ್ರ ಒಂದೇ ಅನುಮಾನ. ಇವರೆಲ್ಲ ರಕ್ತ ಯಾವಾಗ ತೆಗೆದರು, ಎಷ್ಟು ಹೊತ್ತು ಹೊರಗಿಟ್ಟರು?

ಅದನ್ನು ಅಳೆಯುವ ಮೊದಲ ಕಿಟ್ಟಿಗೆ ಜಿಎಸ್‌ಟಿ, ಡ್ರೈ ಐಸ್ ಎಲ್ಲ ಸೇರಿ 70 ಸಾವಿರದ ಹತ್ತಿರ ಹೋಯ್ತು. ಅದು ಆಸ್ಟಿಯೋಕ್ಯಾಲ್ಸಿನ್ನಿನ 49 ಅಮೈನೋ ಆಮ್ಲದ ಇಡೀ ಸರಪಣಿಯನ್ನು ಮಾತ್ರ ಹಿಡಿಯುವ ಕಿಟ್. ಡಬ್ಬಿಯ ಮೇಲೇ ಬರೆದಿತ್ತು, ನಾನೇ ಓದಿರಲಿಲ್ಲ. ರಕ್ತ ಹೊರಗೆ ಕೂತರೆ ಸರಪಣಿಯ ಬಾಲ ಬೇಗ ಕತ್ತರಿಸಿಹೋಗುತ್ತದೆ. ಉಳಿಯುವ, 1ರಿಂದ 43ನೇ ಅಮೈನೋ ಆಮ್ಲದವರೆಗಿನ ತುಂಡು ಗಟ್ಟಿ. ಎರಡನ್ನೂ ಹಿಡಿಯುವ ಎನ್-ಮಿಡ್ ಕಿಟ್ಟಿಗೆ ಮತ್ತೆ ಅಷ್ಟೇ ದುಡ್ಡು. ಗೈಡ್ ಒಂದು ವಾರ ನನ್ನ ಮುಖ ನೋಡಲಿಲ್ಲ.

ಸ್ಯಾಂಪಲ್ಲು ಪುಣೆಯ ಸಿಂಹಗಡ ರಸ್ತೆಯ ಕಡೆ ಒಂದು ಹೆರಿಗೆ ಆಸ್ಪತ್ರೆಯಿಂದ. ಕಟ್ಟಡ ಕೆಲಸಕ್ಕೆ ಬಂದ ಸಿಂದಗಿ, ಯಾದಗಿರಿ ಕಡೆಯ ಹೆಣ್ಣುಮಕ್ಕಳು ಅಲ್ಲಿ ಜಾಸ್ತಿ. ನಾನು ಧಾರವಾಡದವಳು, ಮಾತಾಡಿಸುತ್ತೇನೆ ಅಂತಲೇ ಒಳಗೆ ಬಿಟ್ಟರು. ಗರ್ಭಿಣಿಯರ ಸಕ್ಕರೆ ನೋಡಲು ಅಲ್ಲಿ ನಡೆಯುವುದು ಡಿಪ್ಸಿ ಪರೀಕ್ಷೆ. ಊಟ ಆಗಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ಒಂದು ಸಲ ರಕ್ತ. ಪಾಪ, ಎರಡು ಸಲ ಯಾಕೆ ಚುಚ್ಚಬೇಕು ಎಂದು ನಾನೂ ಅದರಲ್ಲೇ ಪಾಲು ತಗೊಂಡೆ. 38ಓ 40ಓ ಸ್ಯಾಂಪಲ್. ಎಲ್ಲ ನೀರುಪಾಲು. ಗ್ಲೂಕೋಸ್ ಹೊಟ್ಟೆಗೆ ಹೋದರೆ ಆಸ್ಟಿಯೋಕ್ಯಾಲ್ಸಿನ್ ತಾನಾಗಿಯೇ ಇಳಿಯುತ್ತದೆ. ಮೇಲಾಗಿ, ಖಾಲಿ ಹೊಟ್ಟೆಯ ಇನ್ಸುಲಿನ್ ಇಲ್ಲದೆ ಹೋಮಾ, ಅಂದರೆ ಮೈ ಇನ್ಸುಲಿನ್ನಿನ ಮಾತು ಎಷ್ಟು ಕೇಳುತ್ತಿಲ್ಲ ಎಂಬ ಲೆಕ್ಕ, ಎಲ್ಲಿಂದ ಹಾಕುವುದು?

ಆಮೇಲೆ ಬೆಳಿಗ್ಗೆ 8ರಿಂದ 9, ಖಾಲಿ ಹೊಟ್ಟೆ, 24ರಿಂದ 28 ವಾರದವರು ಮಾತ್ರ ಎಂದು ಹಟ ಹಿಡಿದೆ. "ಎಲುಬಿನಾಗ ಸಕ್ಕರಿ ಇರತೈತೇನ್ರಿ ಅಕ್ಕಾರ?" ಎಂದು ಒಬ್ಬಳು ಕೇಳಿದಳು. ಇಲ್ಲವ್ವಾ, ಎಲುಬು ಸಕ್ಕರೆಗೆ ಚೀಟಿ ಬರೆದು ಕಳಿಸುತ್ತದಾ ಅಂತ ನೋಡ್ತೀನಿ ಅಂದೆ. ನಕ್ಕು ಕೈ ಚಾಚಿದಳು.

ಆದರೂ ಡೂಪ್ಲಿಕೇಟ್ ಕೂಡಲಿಲ್ಲ, ಒಂದೇ ಸ್ಯಾಂಪಲ್ಲನ್ನು ಎರಡು ಸಲ ಅಳೆದರೆ ಎರಡು ಅಂಕಿ. ಥರ್ಮೋಕೋಲ್ ಡಬ್ಬಿಯನ್ನು ಸ್ಕೂಟಿಯ ಕಾಲಡಿ ಇಟ್ಟುಕೊಂಡು ಸ್ವಾರ್‌ಗೇಟ್ ದಾಟುವಷ್ಟರಲ್ಲಿ ಒಂದೂವರೆ ಗಂಟೆ. ಗುಂಡಿಗೆ ಗಾಡಿ ಎಗರಿದಷ್ಟೂ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಕೆಂಪು. ಕೆಂಪಾಯಿತು ಅಂದರೆ ಮುಗಿಯಿತು, ರಕ್ತಕಣದಿಂದ ಹೊರಬಂದ ಕಿಣ್ವಗಳೇ ಹಾರ್ಮೋನನ್ನು ತಿನ್ನುತ್ತವೆ. ಕೊನೆಗೆ, ಮುಚ್ಚುತ್ತಿದ್ದ ಒಂದು ಲ್ಯಾಬಿನಿಂದ ರಕ್ತವನ್ನು ಗಿರಗಿರ ತಿರುಗಿಸಿ ಬೇರ್ಪಡಿಸುವ ಹಳೇ ಸೆಂಟ್ರಿಫ್ಯೂಜ್ 9 ಸಾವಿರಕ್ಕೆ ತಂದು ಆಸ್ಪತ್ರೆಯ ಡ್ರೆಸ್ಸಿಂಗ್ ಟೇಬಲ್ಲಿನ ಕೆಳಗೇ ಇಟ್ಟೆ. ಅದರ ಕೆಳಗೆ ಮಡಚಿದ ಗೋಣಿಚೀಲ, ಇಲ್ಲದಿದ್ದರೆ ನಡೆಯುತ್ತಾ ಬಾಗಿಲಿಗೆ ಬರುತ್ತಿತ್ತು. ಚುಚ್ಚಿದ 40 ನಿಮಿಷದೊಳಗೆ ಸೀರಮ್ ಬೇರೆ. ನಕ್ಕವರು ಇಲ್ಲಿಗೇ ಸೋತರು ಅಂತ ನನ್ನ ಲೆಕ್ಕ.

ಪೂರ್ತಿ ಅಲ್ಲ. ಪುಣೆಯ ಗುರುವಾರ ಗೊತ್ತಲ್ಲ, ರಿಪೇರಿ ಅಂತ ಕರೆಂಟ್ ತೆಗೆಯುವ ದಿನ. ಇನ್ವರ್ಟರ್ ಕೈಕೊಟ್ಟು ಫ್ರೀಜರಿನಲ್ಲಿ 20 ವೈಲು ಕರಗಿ ಕೂತಿದ್ದವು. ಎಸೆದೆ.

ಆಸ್ಟಿಯೋಕ್ಯಾಲ್ಸಿನ್ನಿನಲ್ಲಿ ಕಾರ್ಬಾಕ್ಸಿಲ್ ಗುಂಪು ಕಮ್ಮಿ ಇರುವ ರೂಪವೇ ಹಾರ್ಮೋನಿನ ಕೆಲಸ ಮಾಡುವುದು ಎನ್ನುತ್ತಾರೆ. ಅದಕ್ಕೆ ಬೇರೆ ಕಿಟ್ ಕೊಳ್ಳಲು ಕಾಸಿರಲಿಲ್ಲ. ಹಳೇ ದಾರಿ ಹಿಡಿದೆ: ಹೈಡ್ರಾಕ್ಸಿಅಪಟೈಟ್ ಪುಡಿ, ಎಲುಬಿನ ಅದೇ ಖನಿಜ. ಸೀರಮ್ಮಿಗೆ ಹಾಕಿ 4 ಡಿಗ್ರಿಯಲ್ಲಿ ತಿರುಗಿಸಿದರೆ ಕಾರ್ಬಾಕ್ಸಿಲ್ ತುಂಬಿದ್ದು ಅಂಟಿಕೊಳ್ಳುತ್ತದೆ, ಮೇಲೆ ಉಳಿದದ್ದನ್ನು ಅಳೆಯಿರಿ. ಪುಡಿಯ ಪ್ರತಿ ಲಾಟೂ ಬೇರೆ ಬೇರೆ ಹಿಡಿಯುತ್ತದೆ. ಅದನ್ನು ಹೇಗೆ ಸರಿದೂಗಿಸುತ್ತೇನೆ, ಏನಿಂದ ತೊಳೆಯುತ್ತೇನೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಥೀಸಿಸ್ ಕೊಡುವುದಿದೆ.

ನಡುವೆ ಒಂದು ಹುಚ್ಚು. ಕಾರ್ಬಾಕ್ಸಿಲ್ ಸೇರಲು ವಿಟಮಿನ್ ಕೆ ಬೇಕು, ಅದು ಜಾಸ್ತಿಯಾದರೆ ಅಂಟದೆ ಉಳಿಯುವ ಪಾಲು ಇಳಿಯಬೇಕಲ್ವಾ? ಹತ್ತು ದಿನ ಎರಡು ಹೊತ್ತೂ ಪಾಲಕ್ ಪಲ್ಯ ತಿಂದು ನನ್ನದೇ ರಕ್ತ ನೋಡಿದೆ. ಸ್ವಲ್ಪ ಇಳಿಯಿತು. ಒಬ್ಬಳ ರಕ್ತ, ಲೆಕ್ಕಕ್ಕಿಲ್ಲ. ಮನೆಯವರು ಮಾತ್ರ ಇವತ್ತಿಗೂ ಪಾಲಕ್ ಮುಟ್ಟುವುದಿಲ್ಲ.

ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಸೀನಿಯರ್ ಒಬ್ಬರು ಹೇಳದೆ ಕೇಳದೆ ಒಂದೇ ಸೀರಮ್ಮನ್ನು ಎರಡು ನಂಬರಿನಲ್ಲಿ ಕೊಟ್ಟಿದ್ದರು. ಒಂದಕ್ಕೆ ಮಿಲಿಗೆ 11 ನ್ಯಾನೋಗ್ರಾಂ, ಇನ್ನೊಂದಕ್ಕೆ 11 ಚಿಲ್ಲರೆ ಬಂತು. ಚಹಾ ಅವರೇ ಕೊಡಿಸಿದರು. ಮೊದಲು ಡೂಪ್ಲಿಕೇಟಿನಲ್ಲಿ ಶೇಕಡಾ 30ರ ವ್ಯತ್ಯಾಸ ಇರುತ್ತಿತ್ತು, ಈಗ 8ರೊಳಗೆ. ಹೋಮಾ ಜೊತೆ ಏನೋ ಸಣ್ಣ ನಂಟು ಕಾಣುತ್ತದೆ. ಅರವತ್ತು ಚಿಲ್ಲರೆ ಜನರನ್ನು ಇಟ್ಟುಕೊಂಡು ಅದರ ಬಗ್ಗೆ ಬಾಯಿ ಬಿಡಲಾರೆ.

ಈಗ ಲಿಪೊಕ್ಯಾಲಿನ್-2 ಹಿಡಿದಿದ್ದೇನೆ. ಅದೂ ಎಲುಬು ಕಳಿಸುವುದೇ, ಆದರೆ ಬಿಳಿರಕ್ತಕಣವೂ ಸುರಿಯುತ್ತದೆ. ರಕ್ತ ಹೆಪ್ಪುಗಟ್ಟಿದರೆ ಅಂಕಿ ಏರುತ್ತದೆ, ಹಾಗಾಗಿ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್ ಬೇರೆ ಬೇಕು. ಸಿಸ್ಟರ್‌ಗೆ ಇನ್ನೂ ಹೇಳಿಲ್ಲ.