ರಾಕೆಟ್ ಮ್ಯಾಲ ಹೋತು, ಪಾಯಿಂಟ್ ಯಾರಿಗೆ?

ನಮ್ಮದು ದುಡ್ಡಿನ ಆಟವಲ್ಲ, ಬರೀ ಪಾಯಿಂಟ್. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಚಹಾಕ್ಕೆ ಸೇರುವ ಎಂಟು ಜನ. ಮುಂದೆ ಏನಾಗುತ್ತದೆ ಅಂತ ನಾನು ಪ್ರಶ್ನೆ ಹಾಕುತ್ತೇನೆ, ಉಳಿದವರು 'ಹೌದು' ಇಲ್ಲವೇ 'ಇಲ್ಲ' ಚೀಟಿ ಕೊಳ್ಳುತ್ತಾರೆ. ಗೆದ್ದ ಚೀಟಿಗೆ 100 ಪಾಯಿಂಟ್, ಸೋತದ್ದಕ್ಕೆ ಸೊನ್ನೆ. 'ಹೌದು' 70ಕ್ಕೆ ಹೋಗುತ್ತಿದ್ದರೆ ನೂರಕ್ಕೆ 70ರಷ್ಟು ನಂಬಿಕೆ ಇದೆ ಅಂತ ಲೆಕ್ಕ. ತೀರ್ಪು ನನ್ನದು, ಹಾಗಾಗಿ ನಾನು ಕೊಳ್ಳುವಂತಿಲ್ಲ.

2022ರ ಆಗಸ್ಟ್ 7, ಭಾನುವಾರ. ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿ ಮೊದಲ ಸಲ ಹಾರುವ ದಿನ. 'ಉಪಗ್ರಹಗಳನ್ನು ಕಕ್ಷೆಗೆ ಸೇರಿಸುತ್ತದಾ?' ಅಂತ ಒಂದೇ ಸಾಲು ಬರೆದಿದ್ದೆ. ಬೆಳಿಗ್ಗೆ 9.18ಕ್ಕೆ ರಾಕೆಟ್ ಎದ್ದಿತು. ಕೈಯಲ್ಲಿ ಸುಸಲಾ ಪ್ಲೇಟು, ಕಣ್ಣು ಮೊಬೈಲ್ ಮೇಲೆ. ಮೂರೂ ಹಂತ ಸರಿಯಾಗಿ ಉರಿದವು. ಖುಷಿಯಲ್ಲಿ 'ಹೌದು' ಅಂದುಬಿಟ್ಟೆ.

ಆಮೇಲೆ ಇಸ್ರೋ ಹೇಳಿತು: 356 ಕಿ.ಮೀ. ಎತ್ತರದ ವೃತ್ತದ ಬದಲು ಒಂದು ಕಡೆ 356, ಇನ್ನೊಂದು ಕಡೆ 76 ಕಿ.ಮೀ. ಎತ್ತರದ ಕಕ್ಷೆ, ಉಪಗ್ರಹಗಳು ಇನ್ನು ಉಪಯೋಗಕ್ಕಿಲ್ಲ. 76 ಕಿ.ಮೀ.ನಲ್ಲಿ ಗಾಳಿ ಹಿಡಿದೆಳೆಯುತ್ತದೆ, ಉಪಗ್ರಹ ನಿಲ್ಲುವುದಿಲ್ಲ.

"ಕಕ್ಷೆ ಅಂತ ಅವರೇ ಅಂದಾರಲ್ರೀ ಸರ್! ಮೊಟ್ಟೆ ಆಕಾರ ಆದ್ರೂ ಕಕ್ಷೆನೇ ಅಲ್ಲೇನ್ರೀ?" ಅಂದ, 'ಹೌದು' ಹಿಡಿದಿದ್ದ ಹುಡುಗ. ಮಾತಿನ ಲೆಕ್ಕದಲ್ಲಿ ಅವನು ತಪ್ಪಿರಲಿಲ್ಲ. 'ಬೇಕಾದ ಕಕ್ಷೆ' ಅನ್ನುವುದು ನನ್ನ ತಲೆಯಲ್ಲಿತ್ತು, ಚೀಟಿಯಲ್ಲಿ ಇರಲಿಲ್ಲ. ಎರಡು ದಿನ ಒದ್ದಾಡಿ ಪ್ರಶ್ನೆ ರದ್ದು ಮಾಡಿದೆ, ಎಲ್ಲರ ಪಾಯಿಂಟ್ ವಾಪಸ್. ಎರಡೂ ಕಡೆಯವರು ಬೈದರು.

ಅಂದಿನಿಂದ ಒಂದು ದಿನ ಕಾಯದೆ ತೀರ್ಪು ಕೊಡುವುದಿಲ್ಲ. 'ಸಕ್ಸಸ್' ಅನ್ನುವ ಪದ ಬಂದ್. 2023ರ ನವೆಂಬರ್ 18ರಂದು ಸ್ಪೇಸ್‌ಎಕ್ಸ್ ಕಂಪನಿಯ ದೊಡ್ಡ ರಾಕೆಟ್ ಸ್ಟಾರ್‌ಶಿಪ್ ಹಾರಾಟಕ್ಕೆ ತುಂಡು ತುಂಡು ಪ್ರಶ್ನೆ ಹಾಕಿದೆ. ಮೇಲಿನ ಭಾಗ ಬೇರೆಯಾಗಿ ತನ್ನ ಎಂಜಿನ್ ಮೇಲೆ ಮುಂದೆ ಹೋದರೆ 'ಹೌದು', ಕೆಳಗಿನ ಬೂಸ್ಟರ್ ಏನಾದರೂ ಆಗಲಿ. ಇನ್ನೊಂದು, ಬಾಹ್ಯಾಕಾಶ ಮುಟ್ಟುತ್ತದಾ? ಬಾಹ್ಯಾಕಾಶ ಅಂದರೆ 100 ಕಿ.ಮೀ.; ಅಮೆರಿಕದ 80 ಕಿ.ಮೀ. ಲೆಕ್ಕ ಇಲ್ಲಿ ನಡೆಯಲ್ಲ. ಬೇರೆಯಾದ ಸ್ವಲ್ಪ ಹೊತ್ತಿಗೆ ಬೂಸ್ಟರ್ ಸಿಡಿಯಿತು. ಮೇಲಿನದು 100 ದಾಟಿ ಹೋಗಿ ಆಮೇಲೆ ನಾಶವಾಯಿತು. ಎರಡಕ್ಕೂ 'ಹೌದು', ಜಗಳವೇ ಇಲ್ಲ.

ಆದರೆ 2024ರ ಜೂನ್ 6ರ ಸ್ಟಾರ್‌ಶಿಪ್ ಹಾರಾಟಕ್ಕೆ ಮತ್ತೆ ಎಡವಿದೆ. 'ಮೇಲಿನ ಭಾಗ ಹಾನಿಯಾಗದೆ ಸಮುದ್ರಕ್ಕೆ ಇಳಿಯುತ್ತದಾ?' ಅಂತ ಬರೆದಿದ್ದೆ. ರೆಕ್ಕೆ ಕರಗಿ ಕಿತ್ತುಬರುವುದನ್ನು ಕ್ಯಾಮೆರಾ ನೇರ ತೋರಿಸಿತು, ಆದರೂ ಅದು ಮೆತ್ತಗೇ ನೀರಿಗಿಳಿಯಿತು. ಬರೆದದ್ದು ಬರೆದಂತೆ ಅಂತ 'ಇಲ್ಲ' ಅಂದೆ. ಅದೇ ಹುಡುಗ 'ಹೌದು' ಹಿಡಿದಿದ್ದ. ಈಗಲೂ ನನಗೆ ಚಹಾ ಕುಡಿಸುವಾಗ ಕೇಳುತ್ತಾನೆ: "ಕಪ್ಪಿಗೆ ಒಂದು ಸೀಳು ಅದ, ಚಹಾ ಅಂತ ಲೆಕ್ಕ ಹಿಡೀತೀರೇನ್ರೀ ಸರ್?"