ಮನೆಯವರು ನೀರು ಕುಡಿಯುತ್ತಿಲ್ಲವಾ? ಮೊದಲು ಬಾತ್‌ರೂಮ್ ಕಡೆ ನೋಡಿ

"ನೀರು ಕುಡಿ, ನೀರು ಕುಡಿ" ಅಂತ ಬಡಕೊಂಡರೆ ಯಾರೂ ಕುಡಿಯುವುದಿಲ್ಲ. ಹೇಳುವವರಿಗೆ ಗಂಟಲು ಒಣಗುತ್ತೆ, ಅಷ್ಟೇ. ನಮ್ಮ ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ಎಂಟು ವರ್ಷದ ಮಗಳು, ನಾನು. ಎಲ್ಲರ ನೀರಿನ ಉಸಾಬರಿ ಹೇಗೋ ನನ್ನ ತಲೆಗೇ ಬಿತ್ತು. ಒಬ್ಬೊಬ್ಬರನ್ನೂ ಗಮನಿಸುತ್ತಾ ಹೋದ ಹಾಗೆ ಒಂದು ವಿಷಯ ಗಟ್ಟಿಯಾಯಿತು. ನೀರು ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತಲ್ಲ, ಆ ಚಿಂತೆಗೇ ಅರ್ಧ ಜನ ಕುಡಿಯುವುದಿಲ್ಲ. ಅದನ್ನು ಸರಿಮಾಡಿದರೆ ಲೋಟ ತಾನಾಗಿ ಖಾಲಿಯಾಗುತ್ತೆ.

ದಿನಕ್ಕೆ ಎಂಟು ಲೋಟ ಅನ್ನುವ ಲೆಕ್ಕ ನಾನು ಇಟ್ಟುಕೊಂಡಿಲ್ಲ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ, ದೊಡ್ಡವರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಅಂತ ಬರೆದಿತ್ತು. ಇದರಲ್ಲಿ ಬಹುಪಾಲು ಊಟದಲ್ಲೇ ಸಿಗುತ್ತದೆ ಅಂತಲೂ ಅಲ್ಲೇ ಬರೆದಿತ್ತು. ಜನ ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟರು ಅಂತ ಕಾಣುತ್ತೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಕೊಟ್ಟ ಅಂಕಿ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಹೆಂಗಸರಿಗೆ 2 ಲೀಟರ್, ಗಂಡಸರಿಗೆ 2.5 ಲೀಟರ್, ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ 1.6 ಲೀಟರ್. ಇದರಲ್ಲಿ ನೀರು, ಟೀ, ಕಾಫಿ, ಹಾಲು, ಊಟ ಎಲ್ಲಾ ಸೇರಿದೆ. ಊಟದಿಂದಲೇ 20ರಿಂದ 30 ಶೇಕಡಾ ಬರುತ್ತೆ. ಇದು ಹದವಾದ ಹವೆಯಲ್ಲಿ, ಸಾಮಾನ್ಯ ಓಡಾಟಕ್ಕೆ. ಬಿಸಿಲು, ಬೆವರು, ಜ್ವರ ಇದ್ದರೆ ಇನ್ನೂ ಜಾಸ್ತಿ ಬೇಕು. ಬಸುರಿಗೆ ಸುಮಾರು 300 ಮಿಲಿ, ಹಾಲೂಡಿಸುವ ತಾಯಿಗೆ ಸುಮಾರು 700 ಮಿಲಿ ಹೆಚ್ಚಿಗೆ.

ಹಾಗಂತ ಅಳೆಯುತ್ತಾ ಕೂರೋಕಾಗುತ್ತಾ? ನಾನು ಬಣ್ಣ ನೋಡಿ ಅಂತ ಎಲ್ಲರಿಗೂ ಹೇಳಿಕೊಟ್ಟೆ. ಮೂತ್ರ ತೆಳು ಹಳದಿ ಇದ್ದರೆ ಚಿಂತೆಯಿಲ್ಲ. ಗಾಢವಾಗಿ ಕಂದು ಕಡೆಗೆ ತಿರುಗಿ, ವಾಸನೆ ಜೋರಾಗಿದ್ದರೆ ನೀರು ಸಾಲದು. ನೀರಿನ ಹಾಗೇ ಬೆಳ್ಳಗೆ ಇದ್ದರೆ ಅಗತ್ಯಕ್ಕಿಂತ ಜಾಸ್ತಿ ಕುಡಿಯುತ್ತಿದ್ದೀರಿ, ಅದೇನೂ ಸಾಧನೆಯಲ್ಲ. ಬೆಳಗ್ಗೆ ಎದ್ದ ತಕ್ಷಣದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಯಾವಾಗಲೂ ಗಾಢವೇ. ಬಿ ವಿಟಮಿನ್ ಮಾತ್ರೆ ನುಂಗಿದ ದಿನ ಹೊಳೆಯುವ ಹಳದಿ ಬಂದರೆ ಹೆದರಬೇಡಿ. ಮಗಳಿಗಂತೂ ಇದೊಂದು ಆಟವಾಯಿತು. ಬಾತ್‌ರೂಮಿನಿಂದಲೇ ಕೂಗಿ ಬಣ್ಣದ ವರದಿ ಒಪ್ಪಿಸುತ್ತಾಳೆ, ನೆಂಟರು ಬಂದಿದ್ದರೂ.

ನನಗೆ ಹೆಚ್ಚು ತಲೆ ಕೆಡಿಸಿದ್ದು ಅತ್ತೆಯವರ ವಿಷಯ. ವಯಸ್ಸಾದ ಹಾಗೆ ಬಾಯಾರಿಕೆಯೇ ಕಡಿಮೆಯಾಗುತ್ತೆ. ಮೈಗೆ ನೀರು ಬೇಕಾಗಿದ್ದರೂ ಬಾಯಿ ಕೇಳುವುದಿಲ್ಲ. ನೀರು ಉಳಿಸಿಕೊಳ್ಳುವ ಶಕ್ತಿ ಮೂತ್ರಪಿಂಡಕ್ಕೂ ತಗ್ಗಿರುತ್ತೆ. ಸಂಜೆಯಾದರೆ ಅತ್ತೆ ಲೋಟ ಮುಟ್ಟುತ್ತಿರಲಿಲ್ಲ. ಒಂದು ದಿನ ಪಕ್ಕದಲ್ಲಿ ಕೂತು ಯಾಕೆ ಅಂತ ಕೇಳಿದೆ.

"ಕುಡಿದ್ರೆ ರಾತ್ರಿ ಏಳಬೇಕಾಗುತ್ತೆ ಕಣಮ್ಮ. ಕತ್ತಲಲ್ಲಿ ಬಿದ್ದು ಸೊಂಟ ಮುರಕೊಂಡ್ರೆ ನೋಡೋರ್ಯಾರು?"

ಅವರು ಹೇಳಿದ್ದು ನ್ಯಾಯವೇ ಅಲ್ವಾ? ಅವತ್ತಿನಿಂದ ಕುಡಿಯಿರಿ ಅನ್ನುವುದನ್ನು ಬಿಟ್ಟು ದಾರಿ ಸರಿಮಾಡಿದೆವು. ಮಂಚದಿಂದ ಬಾತ್‌ರೂಮಿನ ತನಕ ಸಣ್ಣ ದೀಪಗಳು. ಕಮೋಡಿನ ಪಕ್ಕದ ಗೋಡೆಗೆ ಗಟ್ಟಿಯಾದ ಹಿಡಿಕೆ. ಬಾಗಿಲ ಹತ್ತಿರ ಸುಮ್ನೆ ಬಿದ್ದಿದ್ದ, ಜಾರುವ ಕಾಲೊರೆಸು ತೆಗೆದು ಎಸೆದೆ. ಅವರ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಇತ್ತು. ಅದನ್ನು ಸಂಜೆ ತಗೊಳ್ಳುತ್ತಿದ್ದರು. ಡಾಕ್ಟರನ್ನು ಕೇಳಿ ಬೆಳಗ್ಗೆಗೆ ಬದಲಾಯಿಸಿದೆವು. ಹಗಲೆಲ್ಲಾ ಕೂತಿದ್ದರೆ ಕಾಲಿನಲ್ಲಿ ನೀರು ಸೇರಿಕೊಳ್ಳುತ್ತೆ. ರಾತ್ರಿ ಮಲಗಿದಾಗ ಅದು ರಕ್ತಕ್ಕೆ ವಾಪಸ್ ಬಂದು ಮೂತ್ರವಾಗಿ ಹೊರಡುತ್ತೆ. ಅದಕ್ಕೇ ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ದಿಂಬಿನ ಮೇಲಿಟ್ಟು ಮಲಗುವುದನ್ನು ರೂಢಿ ಮಾಡಿಸಿದೆ. ರಾತ್ರಿ ಏಳುವುದು ಕಡಿಮೆಯಾಯಿತು.

ಆಮೇಲೆ ನೀರಿನ ಸಮಯ ಹಿಂದಕ್ಕೆ ತಂದೆ. ಎದ್ದಾಗ ಒಂದು ಲೋಟ, ತಿಂಡಿ ಊಟದ ಜೊತೆ ಒಂದೊಂದು, ಮಾತ್ರೆ ನುಂಗುವಾಗ ಎರಡು ಗುಟುಕಿನ ಬದಲು ಪೂರ್ತಿ ಲೋಟ. ಹೆಚ್ಚಿನ ಪಾಲು ಸಂಜೆಯೊಳಗೆ ಮುಗಿಯುತ್ತೆ. ಭಾರದ ಸ್ಟೀಲ್ ಚೊಂಬು ಅವರ ಕೈಯಲ್ಲಿ ನಡುಗುತ್ತಿತ್ತು. ಹಿಡಿ ಇರುವ ಹಗುರವಾದ ಕಪ್ಪು ಕೊಟ್ಟೆ, ಅದನ್ನೂ ಮುಕ್ಕಾಲು ಮಾತ್ರ ತುಂಬಿಸಿ. ಚೆಲ್ಲುವ ಭಯಕ್ಕೂ ಜನ ಕುಡಿಯುವುದಿಲ್ಲ ಅನ್ನುವುದು ಅವರ ಕೈ ನೋಡಿದ ಮೇಲೆ ಅರ್ಥವಾಯಿತು.

ವಯಸ್ಸಾದವರಿಗೆ ಕೈ ಮೇಲಿನ ಚರ್ಮ ಎಳೆದು ನೋಡುವ ಪರೀಕ್ಷೆ ನಂಬಬೇಡಿ. ಚರ್ಮ ಹೇಗೂ ಸಡಿಲವಾಗಿರುತ್ತೆ. ಎದ್ದು ನಿಂತಾಗ ತಲೆ ಸುತ್ತುವುದು, ಇದ್ದಕ್ಕಿದ್ದ ಹಾಗೆ ಗಲಿಬಿಲಿ, ಮಾತು ತಪ್ಪುವುದು, ಒಂದಕ್ಕೆ ಹೋಗುವುದು ತೀರಾ ಕಡಿಮೆಯಾಗುವುದು, ನಾನು ನೋಡುವುದು ಇವನ್ನು. ದಿಢೀರ್ ಗಲಿಬಿಲಿಗೆ ಪಾರ್ಶ್ವವಾಯು, ಸೋಂಕು ಹೀಗೆ ಬೇರೆ ಕಾರಣಗಳೂ ಇರುತ್ತವೆ. ಅದಕ್ಕೆ ನೀರು ಕುಡಿಸಿ ಕಾಯುತ್ತಾ ಕೂರಬಾರದು, ಆಸ್ಪತ್ರೆಗೆ ಹೊರಡಬೇಕು.

ಮಗಳದ್ದೂ ಕೊನೆಗೆ ಅದೇ ಕಥೆ. ಶಾಲೆಯ ಬಾಟಲಿ ಬೆಳಗ್ಗೆ ತುಂಬಿಕೊಂಡು ಹೋಗಿ ಸಂಜೆ ತುಂಬಿಕೊಂಡೇ ಬರುತ್ತಿತ್ತು. ಜೊತೆಗೆ ಮಲಬದ್ಧತೆ, ಆಗಾಗ ತಲೆನೋವು. ಚಂದದ ಚಿತ್ರ ಇರುವ ಬಾಟಲಿ ಕೊಡಿಸು ಅಂತ ಸಲಹೆ ಕೊಟ್ಟವರಿಗೇನೂ ಕಡಿಮೆಯಿಲ್ಲ. ಅವಳನ್ನೇ ಕೇಳಿದಾಗ ಹೊರಬಿತ್ತು: "ಅಮ್ಮಾ, ಶಾಲೆ ಟಾಯ್ಲೆಟ್‌ಗೆ ಚಿಲಕ ಇಲ್ಲ. ಹೋದ್ರೆ ಯಾರಾದ್ರೂ ಬಾಗಿಲು ತೆಗೀತಾರೆ." ಒಂದು ಚಿಲಕ! ಅದಿಲ್ಲದೆ ಮಗು ದಿನವಿಡೀ ಬಾಯಿ ಒಣಗಿಸಿಕೊಂಡು ಕೂತಿತ್ತು. ಇನ್ನೂ ಕೆಲವು ಹೆಣ್ಣುಮಕ್ಕಳ ತಾಯಂದಿರ ಜೊತೆ ಸೇರಿ ಶಾಲೆಯಲ್ಲಿ ಮಾತಾಡಿದೆವು. ಚಿಲಕ, ಕೈತೊಳೆಯಲು ನೀರು, ಪಾಠದ ನಡುವೆ ಕೇಳಿದರೂ ಹೊರಗೆ ಬಿಡುವುದು, ಇಷ್ಟೇ ನಮ್ಮ ಬೇಡಿಕೆ. ಚಿಲಕ ಬೇಗ ಬಂತು. ಪಾಠದ ನಡುವೆ ಬಿಡಿಸುವುದಕ್ಕೆ ಮಾತ್ರ ಬಹಳ ಹಿಂದೆ ಬೀಳಬೇಕಾಯಿತು. ಮಕ್ಕಳು ಕಟ್ಟಿಕೊಂಡು ಕೂತರೆ ಮೂತ್ರದ ಸೋಂಕು ಬರುವ ಸಾಧ್ಯತೆ ಹೆಚ್ಚು. ಶಿಸ್ತಿಗಿಂತ ಅದು ದೊಡ್ಡ ವಿಷಯ ಅಂತ ನನ್ನ ಖಚಿತ ಅಭಿಪ್ರಾಯ.

ಬಾಟಲಿ ಬಗ್ಗೆ ಒಂದೇ ಮಾತು. ಮುಚ್ಚಳದೊಳಗಿನ ರಬ್ಬರ್ ಸುತ್ತು ಬಿಚ್ಚಿ ನೋಡಿ. ಅಲ್ಲಿ ಕಪ್ಪು ಬೂಷ್ಟು ಕೂತಿರುತ್ತೆ. ಸ್ಟ್ರಾ ಇರುವ ಬಾಟಲಿ ಆದರೆ ಇನ್ನೂ ಕಷ್ಟ. ನಾನು ಅಗಲ ಬಾಯಿಯದ್ದನ್ನೇ ಇಟ್ಟುಕೊಂಡಿದ್ದೇನೆ, ಕೈ ಹಾಕಿ ತಿಕ್ಕಬಹುದು.

ನನ್ನ ಗಂಡನಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಆ ನೋವು ನೋಡಿದವರು ಮರೆಯುವುದಿಲ್ಲ. ಡಾಕ್ಟರು ಇಷ್ಟು ಕುಡಿಯಿರಿ ಅನ್ನಲಿಲ್ಲ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು ಅಂದರು. ಕುಡಿದದ್ದರಲ್ಲಿ ಬೆವರಾಗಿ ಎಷ್ಟು ಹೋಯಿತೋ ಯಾರಿಗೆ ಗೊತ್ತು? ಹಾಗಾಗಿ ಹೊರಗೆ ಹೋಗುವುದೇ ಲೆಕ್ಕ. ಒಂದು ರಜಾ ದಿನ ಹಳೇ ಬಾಟಲಿಗಳಲ್ಲಿ ಹಿಡಿದು ಅಳೆದರು. ಇಡೀ ದಿನಕ್ಕೆ ಒಂದು ಲೀಟರ್ ಸುಮಾರಿಗೆ ನಿಂತಿತು. ಆ ಗೆರೆ ಕಣ್ಣಿಗೆ ಬಿದ್ದ ಮೇಲೆ ನಾನು ಹೇಳುವ ಅಗತ್ಯವೇ ಬರಲಿಲ್ಲ. ಇಟಲಿಯಲ್ಲಿ ಮೊದಲ ಸಲ ಕಲ್ಲಾದವರ ಮೇಲೆ ನಡೆದ, 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ನೀರು ಕುಡಿದವರಲ್ಲಿ ಐದು ವರ್ಷದೊಳಗೆ ಮತ್ತೆ ಕಲ್ಲಾದವರು ಸುಮಾರು 12 ಶೇಕಡಾ, ಉಳಿದವರಲ್ಲಿ 27 ಶೇಕಡಾ. ನನ್ನ ಗಂಡನ ಕಷ್ಟ ಉದ್ದದ ಪ್ರಯಾಣ. ದಾರಿಯಲ್ಲಿ ಎಲ್ಲಿ ನಿಲ್ಲಬಹುದು ಅಂತ ಮೊದಲೇ ನೋಡಿಟ್ಟುಕೊಳ್ಳುತ್ತಾರೆ, ಹಾಗಾಗಿ ಧೈರ್ಯವಾಗಿ ಕುಡಿಯುತ್ತಾರೆ.

ನನಗೆ ಪದೇ ಪದೇ ಮೂತ್ರದ ಉರಿ ಬರುತ್ತಿತ್ತು. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ, ಹೀಗೇ ಸೋಂಕು ಮರಳುತ್ತಿದ್ದ ಹೆಂಗಸರ ಮೇಲಿನ ಅಧ್ಯಯನ 2018ರಲ್ಲಿ ಬಂತು. ಇನ್ನೂ ಒಂದೂವರೆ ಲೀಟರ್ ಸೇರಿಸಿದವರಲ್ಲಿ ವರ್ಷಕ್ಕೆ ಸರಾಸರಿ 1.7 ಸಲ, ಸೇರಿಸದವರಲ್ಲಿ 3.2 ಸಲ ಸೋಂಕು. ನಾನೂ ಹೆಚ್ಚಿಸಿದೆ, ಗುಣ ಕಂಡಿತು. ಕಾಫಿ ಬಿಡಲಿಲ್ಲ. ಮಿತವಾಗಿ ಕುಡಿದರೆ ಅದೂ ನೀರಿನ ಲೆಕ್ಕಕ್ಕೇ ಬರುತ್ತೆ.

ವಾಂತಿ ಭೇದಿ ಬಂದಾಗ ಮಾತ್ರ ಬರೀ ನೀರು ಸಾಲುವುದಿಲ್ಲ. ಉಪ್ಪಿನಂಶವೂ ಹೋಗಿರುತ್ತೆ. ಓಆರ್‌ಎಸ್ ಪೊಟ್ಟಣ, ಅಂದರೆ ನೀರಿಗೆ ಕಲಸಿ ಕುಡಿಸುವ ಉಪ್ಪು ಗ್ಲೂಕೋಸಿನ ಪುಡಿ, ಮನೆಯಲ್ಲಿ ಸದಾ ಇರಬೇಕು. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು. ಅದಕ್ಕೇ ಅಳತೆ ಮುಖ್ಯ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂದಾಜಿನಲ್ಲಿ ಕಲಸುವ ಹಾಗಿಲ್ಲ. ಪೊಟ್ಟಣದ ಮೇಲೆ ಬರೆದಷ್ಟು ಶುದ್ಧ ನೀರಿಗೆ ಪೂರ್ತಿ ಹಾಕಬೇಕು, 24 ಗಂಟೆ ಕಳೆದರೆ ಚೆಲ್ಲಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲಾ ಮಟ್ಟಸವಾಗಿ. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ.

1971ರಲ್ಲಿ, ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ, ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದೇ ಹೋದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಇಂಥದೇ ಓಆರ್‌ಎಸ್ ನೀರನ್ನು ಡ್ರಮ್ಮುಗಳಲ್ಲಿ ಇಡಿಸಿದರು. ರೋಗಿಗಳ ಮನೆಯವರೇ ಕುಡಿಸಿದರು. ಅಲ್ಲಿ ಸಾಯುವವರ ಪ್ರಮಾಣ 30 ಶೇಕಡಾ ಸುಮಾರಿನಿಂದ 4ಕ್ಕಿಂತ ಕೆಳಗಿಳಿಯಿತು. ಮನೆಯವರು ಚಮಚ ಹಿಡಿದರೆ ಏನಾಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಮಗಳಿಗೆ ವಾಂತಿ ಭೇದಿಯಾದಾಗ ನಾನು ಓಆರ್‌ಎಸ್ ಕುಡಿಸಿದ್ದು ಹೀಗೆ. ಲೋಟ ಕೊಟ್ಟರೆ ಗಟಗಟ ಕುಡಿದು ಮತ್ತೆ ವಾಂತಿ ಮಾಡುತ್ತಾಳೆ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು, ಒಂದೊಂದೇ ಚಮಚ, ನಡುವೆ ಸ್ವಲ್ಪ ಬಿಡುವು. ಕೈ ಸೋಲುತ್ತೆ, ಆದರೆ ಒಳಗೆ ನಿಲ್ಲುತ್ತೆ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ. ಕಣ್ಣು ಗುಳಿ ಬಿದ್ದು, ಅತ್ತರೂ ಕಣ್ಣೀರು ಬಾರದೆ, ಮಗು ತೂಕಡಿಸುತ್ತಿದ್ದರೆ, ಕೂಸಿನ ನೆತ್ತಿ ಒಳಕ್ಕೆ ಇಳಿದಿದ್ದರೆ ಚಮಚ ಹಿಡಿದು ಕೂರಬೇಡಿ, ಆಸ್ಪತ್ರೆಗೆ ಓಡಿ.

ಕೆಲವರಿಗೆ ನೀರು ಕೊಡಲೇಬಾರದು ಅಥವಾ ಅಳೆದು ಕೊಡಬೇಕು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೇ ಸಾಕು, ಎಂಥ ಸೆಕೆಯಲ್ಲೂ. ನೀರು ಕುಡಿಸಿದರೆ ಪುಟ್ಟ ಹೊಟ್ಟೆ ತುಂಬಿ ಹಾಲು ತಪ್ಪುತ್ತೆ, ರಕ್ತದ ಸೋಡಿಯಂ ಇಳಿದು ಫಿಟ್ಸ್ ಕೂಡ ಬರಬಹುದು. ದೊಡ್ಡವರೂ ಅಷ್ಟೇ, ಸ್ವಲ್ಪ ಹೊತ್ತಿನಲ್ಲಿ ಲೀಟರ್‌ಗಟ್ಟಲೆ ಸುರಿದುಕೊಂಡರೆ ಸೋಡಿಯಂ ಇಳಿಯುತ್ತೆ.

ನಮ್ಮ ಮಾವನವರಿಗೆ ಹೃದಯ ದುರ್ಬಲವಾಗಿದೆ. ಡಾಕ್ಟರು ದಿನಕ್ಕೆ ಒಂದೂವರೆ ಲೀಟರ್ ಅಂತ ಮಿತಿ ಹಾಕಿದ್ದಾರೆ. ಮನೆಯವರೆಲ್ಲಾ ಕುಡಿಯುತ್ತಿರುವಾಗ ಅವರೊಬ್ಬರು ತಡೆದುಕೊಳ್ಳಬೇಕು. ಬೆಳಗ್ಗೆ ಒಂದೂವರೆ ಲೀಟರ್ ನೀರು ಒಂದು ಜಗ್ಗಿಗೆ ಹಾಕಿಡುತ್ತೇನೆ. ಅವರು ಟೀ ಕುಡಿದರೆ ಅಷ್ಟು ನೀರು ಜಗ್ಗಿನಿಂದ ತೆಗೆದು ಗಿಡಕ್ಕೆ ಸುರಿಯುತ್ತಾರೆ. ಬಾಯಿ ಒಣಗಿದರೆ ಮುಕ್ಕಳಿಸಿ ಉಗಿಯುತ್ತಾರೆ, ಇಲ್ಲಾ ಒಂದು ಚೂರು ಐಸ್ ಚೀಪುತ್ತಾರೆ. ದಿನಾ ಬೆಳಗ್ಗೆ ತೂಕ ನೋಡಿಕೊಳ್ಳುತ್ತಾರೆ. ಮೂರು ದಿನದಲ್ಲಿ ಎರಡು ಕೆಜಿಗಿಂತ ಏರಿದರೆ ಡಾಕ್ಟರಿಗೆ ಫೋನ್ ಮಾಡಬೇಕು, ಮೈಯಲ್ಲಿ ನೀರು ತುಂಬುತ್ತಿದೆ ಅಂತ ಲೆಕ್ಕ. ಮಾತ್ರೆ ನುಂಗುವ ನೀರೂ ಆ ಜಗ್ಗಿನಿಂದಲೇ ಹೋಗಬೇಕು. ಅದನ್ನು ನಾನು ಮರೆತರೂ ಅವರು ಮರೆಯುವುದಿಲ್ಲ.