‘ಅಪ್‌ಡೇಟ್’ ಎಂದು ಬರೆದರೂ ಹಳೆಯದಾಗಿಯೇ ಉಳಿದ ಡೆಬಿಯನ್: ನನ್ನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಕೊಟ್ಟ ಗೆಳೆಯರು, ಆದೇಶಗಳನ್ನು ಬರೆಯುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ‘ಅಪ್‌ಡೇಟ್’ ಎಂಬ ಒಂದೇ ಪದ ಬರೆದರೆ ಸಾಕು ಎಂದಿದ್ದರು. ಪ್ರತಿ ಸೋಮವಾರ ಹಾಗೆಯೇ ಮಾಡಿದರೂ ಬ್ರೌಸರ್ ತಿಂಗಳುಗಟ್ಟಲೆ ಹಳೆಯದಾಗಿಯೇ ಉಳಿದಿತ್ತು.

ಕೊನೆಗೆ ‘ಟೈಪ್ ಅಪ್‌ಡೇಟ್’ ಎಂಬ ಆದೇಶ ಕೊಟ್ಟು ನೋಡಿದೆ. ಅದು ‘ಸುಡೋ ಆಪ್ಟ್ ಅಪ್‌ಡೇಟ್’ ಎಂಬುದಕ್ಕೆ ಇಟ್ಟ ಅಲಿಯಾಸ್, ಅಂದರೆ ಅಡ್ಡಹೆಸರು ಮಾತ್ರ ಎಂದು ಟರ್ಮಿನಲ್ಲಿನ ಆದೇಶಗಳನ್ನು ಓದಿ ನಡೆಸುವ ಬ್ಯಾಶ್ ತಿಳಿಸಿತು. ‘ಸುಡೋ’ ಎಂದರೆ ಆದೇಶವನ್ನು ನಿರ್ವಾಹಕರ ಅಧಿಕಾರದಲ್ಲಿ ನಡೆಸುವುದು; ‘ಆಪ್ಟ್’ ಎಂದರೆ ತಂತ್ರಾಂಶಗಳನ್ನು ನಿರ್ವಹಿಸುವ ಸಾಧನ. ಈ ಆದೇಶ ಸರ್ವರಿನಿಂದ ಪ್ಯಾಕೇಜುಗಳ, ಅಂದರೆ ತಂತ್ರಾಂಶದ ಕಟ್ಟುಗಳ ಪಟ್ಟಿಯನ್ನಷ್ಟೇ ತರುತ್ತದೆ. ಪ್ಯಾಕೇಜುಗಳನ್ನು ಇಳಿಸಿ ಸ್ಥಾಪಿಸುವುದು ‘ಆಪ್ಟ್ ಅಪ್‌ಗ್ರೇಡ್’. ಗಂಜ್ ಮಾರುಕಟ್ಟೆಗೆ ಹೋಗಿ ತೊಗರಿಯ ದರ ಕೇಳಿಕೊಂಡು ಬರುವುದು ಬೇರೆ, ಚೀಲ ತುಂಬಿಸಿಕೊಂಡು ಬರುವುದು ಬೇರೆ. ಇಷ್ಟು ಪ್ಯಾಕೇಜುಗಳನ್ನು ನವೀಕರಿಸಬಹುದು ಎಂಬ ಸಾಲು ಪ್ರತಿ ಸಲವೂ ಕೊನೆಯಲ್ಲಿ ಬರುತ್ತಿತ್ತು; ನಾನು ಓದಿರಲಿಲ್ಲ.

ಹೋಮ್ ಫೋಲ್ಡರಿನ ‘.ಬ್ಯಾಶ್‌ಆರ್‌ಸಿ’ ಎಂಬ ಬ್ಯಾಶ್ ಸೆಟ್ಟಿಂಗ್ ಕಡತವನ್ನು ನ್ಯಾನೋ ಎಂಬ ಪಠ್ಯ ಸಂಪಾದಕದಲ್ಲಿ ತೆರೆದು, ಎರಡೂ ಆದೇಶಗಳ ನಡುವೆ ಎರಡು ಆಂಪರ್‌ಸ್ಯಾಂಡ್ (&&) ಚಿಹ್ನೆಗಳನ್ನಿಟ್ಟು ಅಲಿಯಾಸನ್ನು ತಿದ್ದಿದೆ. ಹೀಗೆ ಬರೆದರೆ ಮೊದಲ ಆದೇಶ ದೋಷವಿಲ್ಲದೆ ಮುಗಿದರೆ ಮಾತ್ರ ಎರಡನೆಯದು ಶುರುವಾಗುತ್ತದೆ. ಕೇಳದೆಯೇ ಒಪ್ಪಿಬಿಡುವ ‘ವೈ’ ಆಯ್ಕೆಯನ್ನು ಬೇಕೆಂದೇ ಸೇರಿಸಲಿಲ್ಲ, ಏಕೆಂದರೆ ಏನು ಬದಲಾಗಲಿದೆ ಎಂಬುದನ್ನು ಓದಿಯೇ ಒಪ್ಪಿಗೆ ಕೊಡುವುದು ನನಗೆ ಮುಖ್ಯ. ಹೊಸ ಟರ್ಮಿನಲ್ ತೆರೆದ ಮೇಲೆ ಅಲಿಯಾಸ್ ಕೆಲಸ ಮಾಡಿತು. ಅದರ ಮುಂದೆ ಮತ್ತೆ ‘ಸುಡೋ’ ಹಾಕಬಾರದು. ಏಕೆಂದರೆ ಬ್ಯಾಶ್ ಸಾಮಾನ್ಯವಾಗಿ ಆದೇಶದ ಮೊದಲ ಪದ ಮಾತ್ರ ಅಲಿಯಾಸೇ ಎಂದು ಪರಿಶೀಲಿಸುತ್ತದೆ.

ವ್ಯವಸ್ಥೆಯ ತಿರುಳಾದ ಕರ್ನೆಲ್ ಕೂಡ ನವೀಕರಣಗೊಂಡಿದ್ದರಿಂದ ಒಮ್ಮೆ ರೀಸ್ಟಾರ್ಟ್ ಮಾಡಬೇಕಾಯಿತು. ಬ್ರೌಸರ್ ಈಗ ಹೊಸ ಆವೃತ್ತಿಯಲ್ಲಿದೆ.